ತಟ್ಟೆ ಖಾಲಿಯಾಗುವ ತನಕ

ನಮ್ಮ ಮನೆಯಲ್ಲಿ ಬೈಯುವವರನ್ನು ಕರೆದು ಊಟ ಹಾಕುವ ಪದ್ಧತಿಯಿತ್ತು. ಈಗ ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಆಗ ನನಗೆ ನಗು ಬರುತ್ತಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಮಧುಗಿರಿ ಬೆಟ್ಟದ ಬುಡದಲ್ಲಿ ಎರಡೇ ಕೋಣೆಯ ಹೆಂಚಿನ ಮನೆ ನಮ್ಮದು. ಆ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಮ್ಮ ಮೇಲೆ ಬಿಡುತ್ತಿತ್ತು. ಶನಿವಾರ ಸಂಜೆ ಮುಂದಿನ ಕೋಣೆಯಲ್ಲಿ ಪ್ರಾರ್ಥನೆಯ ಕೂಟ. ಇಪ್ಪತ್ತು ಜನ ಚಾಪೆಯ ಮೇಲೆ ಒತ್ತೊತ್ತಾಗಿ ಕೂತು, ಹಾಡಿ, ಮಂಡಿಯೂರಿ, ಬೆವರು ಒರೆಸಿಕೊಂಡು ಮನೆಗಳಿಗೆ ಹೋದ ಮೇಲೆ ರಾಹೇಲತ್ತೆ ಒಬ್ಬಳೇ ಉಳಿಯುತ್ತಿದ್ದಳು. ಅಡುಗೆಮನೆಯ ಹೊಸ್ತಿಲ ಪಕ್ಕ, ರಾಗಿಹಿಟ್ಟಿನ ಡಬ್ಬಕ್ಕೆ ಬೆನ್ನು ಕೊಟ್ಟು, ಕಾಲು ಮಡಚಿ ಕೂರುತ್ತಿದ್ದಳು. ಅಪ್ಪ ಪಂಚೆ ಎತ್ತಿ ಕಟ್ಟಿ, ಅಮ್ಮನ ಕೈಯಿಂದ ಮುದ್ದೆ ತೆಗೆದುಕೊಂಡು, ತಾನೇ ಅವಳ ತಟ್ಟೆಗೆ ಹಾಕಿ, ಸಾರು ಬಿಟ್ಟು, ಎದುರಿಗೆ ಕೂರುತ್ತಿದ್ದ. ರಾಹೇಲತ್ತೆ ಒಂದು ತುತ್ತು ನುಂಗಿ, ಆ ವಾರ ಅಪ್ಪ ಎಲ್ಲೆಲ್ಲಿ ತಪ್ಪು ಮಾಡಿದ ಎಂದು ಶುರು ಮಾಡುತ್ತಿದ್ದಳು. ಅವಳ ತಟ್ಟೆ ಖಾಲಿಯಾಗುವ ತನಕ ಅಪ್ಪ ಒಂದು ಮಾತೂ ಉತ್ತರ ಕೊಡುವಂತಿರಲಿಲ್ಲ. ಅದು ನಿಯಮ. ಆ ಮಹಾತಾಯಿ ಉಣ್ಣುವುದೋ, ಒಂದೊಂದು ತುತ್ತಿಗೂ ಒಂದೊಂದು ಯುಗ.

ಈ ನಿಯಮವನ್ನು ನಮ್ಮ ಮೇಲೆ ಯಾರೂ ಹೇರಿರಲಿಲ್ಲ, ಅಪ್ಪನೇ ತಲೆಯ ಮೇಲೆ ಎಳೆದುಕೊಂಡದ್ದು. ಅಪ್ಪ ನಮ್ಮ ಸಣ್ಣ ಕ್ರೈಸ್ತ ಸಭೆಯ ಉಪದೇಶಿ. ವಾರವೆಲ್ಲ ಸೈಕಲ್ಲಿನಲ್ಲಿ ಮಿಡಿಗೇಶಿ, ಕೊಡಿಗೇನಹಳ್ಳಿ ಎಂದು ಒಂದೊಂದು ಹಳ್ಳಿಯ ಒಂದೆರಡು ಮನೆಗಳನ್ನು ಸುತ್ತಿ ಬರುತ್ತಿದ್ದ. ಕೆಲಸ ವಹಿಸಿಕೊಂಡ ದಿನ ಆರಾಧನೆಯಲ್ಲಿ ನಿಂತು, ನನ್ನ ತಪ್ಪನ್ನು ನನ್ನ ಮುಖದ ಮೇಲೆ ಹೇಳುವವರೊಬ್ಬರು ಬೇಕು, ಯಾರಿದ್ದೀರಿ ಎಂದು ಕೇಳಿದನಂತೆ. ಗಂಡಸರೆಲ್ಲ ಕಾಲ್ಬೆರಳು ನೋಡಿಕೊಂಡರಂತೆ. ಹೆಂಗಸರ ಕಡೆಯಿಂದ ರಾಹೇಲತ್ತೆ ಎದ್ದಳು. ಅವಳು ಶಿರಾದವಳು, ಗಂಡ ತೀರಿಕೊಂಡಿದ್ದ, ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಅಪ್ಪನೂ ಅವಳೂ ಚಿಕ್ಕಂದಿನಲ್ಲಿ ಒಂದೇ ಬೋರ್ಡಿಂಗಿನಲ್ಲಿ ಗಂಜಿ ಕುಡಿದು ಬೆಳೆದವರು.

“ನಾನ್ ಹೇಳ್ತೀನಿ ದಾಸಣ್ಣ. ಆದ್ರೆ ಹೇಳ್ವಾಗ ಮಧ್ಯ ಬಾಯಾಕ್ಬಾರ್ದು. ಹೇಳಿ ಹಸ್ಕಂಡು ಮನೇಗೂ ಹೋಗಲ್ಲ ನಾನು.”

ಸಭೆಯೆಲ್ಲ ನಕ್ಕಿತಂತೆ. ಅಪ್ಪ ಮಾತ್ರ ಅದನ್ನು ನಿಜ ಮಾಡಿಬಿಟ್ಟ. ಉಪದೇಶಿಗಳು ಆಯಾಗೆ ಬಡಿಸಿ ಬೈಸಿಕೊಳ್ಳುತ್ತಾರೆ ಎನ್ನುವುದು ಸಭೆಯ ಮಕ್ಕಳಿಗೆಲ್ಲ ಗೊತ್ತಿದ್ದ ವಿಷಯ. ಶಾಲೆಯಲ್ಲಿ ನನ್ನನ್ನು ಅಣಕಿಸುತ್ತಿದ್ದರು.

ಅಪ್ಪನ ದೊಡ್ಡ ತಪ್ಪು ಅವನ ದೊಡ್ಡ ವರವೇ ಆಗಿತ್ತು. ಪ್ರಾರ್ಥನೆ. ಅಂಥ ಗಂಟಲು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಮೊದಲು ಮೆಲ್ಲಗೆ ಶುರುವಾಗಿ, ನಡುವೆ ನಡುಗಿ, ಕೊನೆಗೆ ಏರುವ ಹೊತ್ತಿಗೆ ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಆದರೆ ಅವನ ಪ್ರಾರ್ಥನೆಯಲ್ಲಿ ಎಲ್ಲರ ಮನೆಯ ಗುಟ್ಟೂ ಇರುತ್ತಿತ್ತು. ಕೂಟಕ್ಕೆ ಮೊದಲು ಯಾರಾದರೂ ಕಿವಿಯಲ್ಲಿ ಹೇಳಿಕೊಂಡದ್ದು, ಕಣ್ಣು ಮುಚ್ಚಿದ ಮೇಲೆ ಬಾಯಿಂದ ದೊಡ್ಡದಾಗಿ ಬರುತ್ತಿತ್ತು. “ಕರ್ತನೇ, ಬಾವಿ ಬೀದಿಯ ನಿನ್ನ ದಾಸನ ಕುಡಿತ ಬಿಡಿಸು, ಮೊನ್ನೆ ಅವನು ಚರಂಡಿಯಲ್ಲಿ ಬಿದ್ದಿದ್ದನ್ನು ನೀನು ನೋಡಿದ್ದೀ” ಎಂದರೆ, ನೋಡದೆ ಇದ್ದ ನಾವೂ ನೋಡಿದಂತಾಗುತ್ತಿತ್ತು. ಬಾವಿ ಬೀದಿಯಲ್ಲಿ ನಮ್ಮ ಸಭೆಯವರದು ಇದ್ದದ್ದೇ ಒಂದು ಮನೆ. ಆ ಮನೆಯ ಹೆಂಗಸು ಅಲ್ಲೇ ಮಂಡಿಯೂರಿ ಕೂತಿರುತ್ತಿದ್ದಳು, ಪಾಪ. ಅಪ್ಪನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ದೇವರ ಮುಂದೆ ನಿಂತರೆ ಎದುರಿಗೆ ಜನ ಕೂತಿದ್ದಾರೆ ಎನ್ನುವುದೇ ಅವನಿಗೆ ಮರೆತುಹೋಗುತ್ತಿತ್ತು. ಅಥವಾ ಚೆನ್ನಾಗಿ ನೆನಪಿರುತ್ತಿತ್ತೋ ಏನೋ, ಇವತ್ತಿಗೂ ನನಗೆ ತಿಳಿದಿಲ್ಲ.

“ದಾಸಣ್ಣ, ಅದು ಪ್ರಾರ್ಥನೆನಾ, ರೇಡಿಯೋದಲ್ಲಿ ವಾರ್ತೆ ಓದಿದ್ದಾ? ದೇವ್ರಿಗೆ ಗೊತ್ತಿಲ್ದೆ ಇರೋದು ಏನೇಳ್ದೆ ನೀನು? ಗೊತ್ತಿಲ್ದೆ ಇದ್ದಿದ್ದು ನಮಗೆ. ನಮಗೆ ಹೇಳ್ದೆ, ಅಷ್ಟೇಯ.”

ಹೀಗೆ ಹೇಳಿ ಇನ್ನೊಂದು ತುತ್ತು ಮುರಿಯುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. ತಟ್ಟೆ ಖಾಲಿಯಾದ ಮೇಲೆ, “ನಿಜ ರಾಹೇಲಮ್ಮ, ತಿದ್ಕೋತೀನಿ” ಎನ್ನುತ್ತಿದ್ದ. ಮುಂದಿನ ಶನಿವಾರ ಮತ್ತೆ ಅದೇ ರಾಗ, ಅದೇ ಹಾಡು. ನನಗೆ ತಲೆ ಚಿಟ್ಟು ಹಿಡಿಯುತ್ತಿದ್ದದ್ದು ಇದಕ್ಕೇ. ಸಿಟ್ಟಾದರೂ ಮಾಡಿಕೊಳ್ಳಬೇಕು, ಇಲ್ಲ ತಿದ್ದಿಯಾದರೂ ಕೊಳ್ಳಬೇಕು. ಎರಡೂ ಇಲ್ಲ! ಕೇಳಿಸಿಕೊಂಡರೆ ತಿದ್ದಿಕೊಂಡಂತೆಯೇ ಎಂದು ಅಪ್ಪ ನಂಬಿದ್ದ. ಬೈಸಿಕೊಳ್ಳುವ ತನ್ನ ದೊಡ್ಡಗುಣದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಇದನ್ನೆಲ್ಲ ಬರೆಯಲು ನನಗೆ ಈ ವಯಸ್ಸು ಬರಬೇಕಾಯಿತು. ಹದಿನಾಲ್ಕರಲ್ಲಿ ನನಗೆ ಕಾಣುತ್ತಿದ್ದದ್ದು ಇಷ್ಟೇ: ನಮ್ಮ ರಾಗಿ ತಿಂದು ನಮ್ಮಪ್ಪನ ಮಾನ ತೆಗೆಯುವ ಒಬ್ಬ ಹೆಂಗಸು.

ಅಪ್ಪನ ಬಾಯಿ ನನಗೂ ಬಂದಿತ್ತು. ಕೂಟದಲ್ಲಿ ಮಕ್ಕಳಿಗೂ ಪ್ರಾರ್ಥನೆಗೆ ಅವಕಾಶ ಕೊಡುತ್ತಿದ್ದರು. ಬೇರೆ ಹುಡುಗರು ಎರಡು ವಾಕ್ಯಕ್ಕೆ ತೊದಲಿ ಆಮೆನ್ ಅನ್ನುವಾಗ ನಾನು ಗಂಟಲು ಇಳಿಸಿ, ಏರಿಸಿ, ಎಲ್ಲಿ ನಿಲ್ಲಿಸಿದರೆ ಹೆಂಗಸರು ನಿಟ್ಟುಸಿರು ಬಿಡುತ್ತಾರೆ ಎಂದು ಲೆಕ್ಕ ಹಾಕಿ ಪ್ರಾರ್ಥಿಸುತ್ತಿದ್ದೆ. “ಕರುಣಾ ಬಾಯ್ಬಿಟ್ರೆ ಅಯ್ಯನೋರೇ ಬಾಯ್ಬಿಟ್ಟಂಗೆ” ಎಂದು ಎಲ್ಲರೂ ಗಲ್ಲ ಹಿಡಿದು ಹೊಗಳುತ್ತಿದ್ದರು. ರಾಹೇಲತ್ತೆ ಒಮ್ಮೆಯೂ ಹೊಗಳಲಿಲ್ಲ. ಇದೂ ನನ್ನ ಹೊಟ್ಟೆಯಲ್ಲಿ ಕೂತಿತ್ತು.

ನನ್ನ ಗೆಳತಿ ಲೀಲಾ ನಮ್ಮ ಸಭೆಯವಳೇ. ಶಾಲೆಯಲ್ಲಿ ಒಂದೇ ಬೆಂಚು, ಒಂದೇ ಬುತ್ತಿ. ಅವಳ ಅಕ್ಕ ವಿಮಲಕ್ಕನನ್ನು ಶಿರಾಕ್ಕೆ ಮದುವೆ ಮಾಡಿಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬುವ ಮೊದಲೇ ವಿಮಲಕ್ಕ ಒಂದು ಚೀಲ ಹಿಡಿದು ತವರಿಗೆ ಬಂದಳು. ಜ್ವರ, ಆರೈಕೆಗೆ ಬಂದಿದ್ದಾಳೆ ಎಂದು ಮನೆಯವರು ಹೇಳಿದರು. ಒಂದು ಮಧ್ಯಾಹ್ನ ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಲೀಲಾ ನನಗೆ ನಿಜ ಹೇಳಿದಳು. ಗಂಡ ಬೆಲ್ಟಿನಲ್ಲಿ ಹೊಡೆಯುತ್ತಾನೆ. ವಿಮಲಕ್ಕ ಸತ್ತರೂ ಆ ಮನೆಗೆ ಹೋಗುವುದಿಲ್ಲ ಎನ್ನುತ್ತಿದ್ದಾಳೆ.

“ಯಾರ್ಗೂ ಹೇಳ್ಬೇಡ ಕಣೆ. ಗೊತ್ತಾದ್ರೆ ನಮ್ಮಪ್ಪ ಮರ್ಯಾದೆಗೆ ಅಂಜಿ ಕಳ್ಸೇಬುಡ್ತಾರೆ.”

“ದೇವ್ರಿಗೆ ಬುಟ್ಟು ಇನ್ಯಾರ್ಗೂ ಹೇಳಲ್ಲ ಬುಡೆ.”

ಹೌದು, ಹಾಗೆಯೇ ಅಂದೆ. ಅದೇ ಶನಿವಾರ ನನ್ನ ಸರದಿ ಬಂತು. ಕೋಣೆ ತುಂಬಿತ್ತು. ಲೀಲಾ ಮನೆಯವರು ಆವತ್ತು ಬಂದಿರಲಿಲ್ಲ. ನಾನು ಕಣ್ಣು ಮುಚ್ಚಿದೆ. ಮೊದಲು ಮಳೆ, ಬೆಳೆ, ಪರೀಕ್ಷೆ. ಯಾರೂ ಕರಗಲಿಲ್ಲ. ಆಗ ನನ್ನ ಗಂಟಲು ತಾನಾಗಿ ಇಳಿಯಿತು. “ಕರ್ತನೇ, ಗಂಡನ ಏಟು ತಿಂದು ತವರಿಗೆ ಓಡಿಬಂದಿರುವ ನಮ್ಮ ವಿಮಲಕ್ಕನ ಕಣ್ಣೀರನ್ನು ನೋಡು. ಆ ಮನುಷ್ಯನ ಮನಸ್ಸನ್ನು ತಿರುಗಿಸು. ಅವನೇ ಬಂದು ಅವಳನ್ನು ಕರೆದುಕೊಂಡು ಹೋಗಲಿ.” ಆಮೇಲೆ ನಾನು ಕಾಯುತ್ತಿದ್ದ ಆ ನಿಟ್ಟುಸಿರು ಬಂತು, ಒಂದಲ್ಲ, ಇಪ್ಪತ್ತು. ಆಮೆನ್ ಎಂದು ಕಣ್ಣು ಬಿಟ್ಟಾಗ ಅಪ್ಪನ ಮುಖ ಬೆಳಗುತ್ತಿತ್ತು. ಆ ಹೊತ್ತಿಗೆ ನನಗೆ ವಿಮಲಕ್ಕನೂ ನೆನಪಿರಲಿಲ್ಲ, ಲೀಲಾಳೂ ನೆನಪಿರಲಿಲ್ಲ.

ಜನ ಹೋದರು. ಅಪ್ಪ ಪಂಚೆ ಕಟ್ಟಿ ಅಡುಗೆಮನೆಗೆ ನಡೆದ. ರಾಹೇಲತ್ತೆ ಕೈ ಅಡ್ಡ ಹಿಡಿದಳು.

“ಇವತ್ತು ನೀನ್ ಕೂತ್ಕೋ ದಾಸಣ್ಣ. ಮಗಳು ಬಡಿಸ್ಲಿ.”

ಬಡಿಸುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಮುದ್ದೆಯನ್ನು ತಟ್ಟೆಗೆ ಕುಕ್ಕಿದೆ. ಸಾರು ಚೆಲ್ಲಿತು. ರಾಹೇಲತ್ತೆ ಚೆಲ್ಲಿದ್ದನ್ನು ಬೆರಳಿನಿಂದ ಒಳಗೆ ಎಳೆದುಕೊಂಡು, ಒಂದು ತುತ್ತು ನುಂಗಿ, ನನ್ನನ್ನೇ ನೋಡುತ್ತ ಹೇಳಿದಳು. ದನಿ ಏರಿಸಲಿಲ್ಲ.

“ಲೀಲಾ ನಿಂಗೆ ಹೇಳಿದ್ದು ನಿಂಗಂತ ಕಣಮ್ಮ, ಊರಿಗಂತ ಅಲ್ಲ. ನಲ್ಲಿ ಹತ್ರ ಚಾಡಿ ಹೇಳೋರು ಕಣ್ ಬುಟ್ಕಂಡು ಹೇಳ್ತಾರೆ, ನೀನು ಕಣ್ ಮುಚ್ಕಂಡು ಹೇಳ್ದೆ. ಅಷ್ಟೇ ವ್ಯತ್ಯಾಸ. ಆ ಹುಡ್ಗಿ ಬೆನ್ನು ನಾನ್ ನೋಡಿದೀನಿ. ಅವ್ಳನ್ನ ಇಲ್ಲೇ ಉಳಿಸ್ಕಳಿ, ಆಯಾ ಕೆಲ್ಸಕ್ಕೆ ಕೇಳ್ತೀನಿ ಅಂತ ಅವ್ರಪ್ಪನ್ನ ಒಪ್ಸಿದ್ದೆ. ಯಾರ್ಗೂ ಗೊತ್ತಾಗ್ದಂಗಿದ್ರೆ ಮಾತ್ರ ಅಂತ ಒಪ್ಪಿದ್ದ ಆ ಮನುಷ್ಯ. ಈಗ ಹಿರೇರೆಲ್ಲ ರಾಜಿ ಮಾಡ್ಸೋಕೆ ಹೊಂಟ್ಬುಡ್ತಾರೆ. ನಿಮ್ಮಪ್ಪಂಗೆ ನೀನೇ ಹೇಳು, ಆ ಮನೆ ಕಡೆ ಯಾರ್ನೂ ಕಳಿಸ್ಬೇಡ ಅಂತ. ನೀನೇಳಿದ್ರೆ ಕೇಳ್ತಾನೆ. ಜಲ್ದಿ ಆಗ್ಬೇಕು. ನಾಳೆ ಬೆಳಿಗ್ಗೆ ಲೀಲಾ ಮನೆಗೋಗಿ ತಪ್ಪಾಯ್ತು ಅನ್ನು.”

ತಟ್ಟೆಯಲ್ಲಿ ಇನ್ನೂ ಅರ್ಧ ಮುದ್ದೆಯಿತ್ತು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದಿದ್ದರೆ, ಆ ಅರ್ಧ ಮುದ್ದೆ ಮುಗಿಯುವಷ್ಟು ಹೊತ್ತು ಸುಮ್ಮನಿದ್ದಿದ್ದರೆ, ಆ ಮಾತು ನನ್ನೊಳಗೆ ಇಳಿಯುತ್ತಿತ್ತೇನೋ. ನಿಯಮ ಇದ್ದದ್ದೇ ಅದಕ್ಕೆ.

“ನೀನ್ಯಾರತ್ತೆ ನಮಗೆ ಹೇಳೋಕೆ? ಉಣ್ಣೋದು ನಮ್ಮನೇಲಿ, ಬಯ್ಯೋದು ನಮ್ಮನ್ನೇ! ನಮ್ಮಪ್ಪನ ತರ ಪ್ರಾರ್ಥನೆ ಮಾಡಕ್ ಬರಲ್ಲ ನಿಂಗೆ, ಅದ್ಕೇ ಹೊಟ್ಟೆಕಿಚ್ಚು!”

“ಊರ್ಕೋವೇ!” ಎಂದು ಅಮ್ಮ ಒಲೆಯ ಮುಂದಿನಿಂದ ಗದರಿದಳು. ಅವಳು ಪಾವಗಡದ ಕಡೆಯವಳು, ಬಾಯಿ ಮುಚ್ಚು ಎನ್ನುವುದಕ್ಕೂ ಸಿಟ್ಟು ಬಂದಾಗ ತೆಲುಗೇ ಬೇಕು. ರಾಹೇಲತ್ತೆ ಎದ್ದಳು. ಹಿತ್ತಿಲಿಗೆ ಹೋಗಿ ಕೈ ತೊಳೆದು ಬಂದಳು. ಬಾಗಿಲ ಬಳಿ ಚಪ್ಪಲಿ ಮೆಟ್ಟಿ ಒಂದು ಕ್ಷಣ ನಿಂತಳು. ಅಪ್ಪ ಕರೆಯಲಿ ಎಂದು ನಿಂತಳು, ನನಗೆ ಆಗಲೇ ಗೊತ್ತಾಯಿತು. ಅಪ್ಪ ಚಾಪೆಯ ಅಂಚಿನ ಒಂದು ಎಳೆಯನ್ನು ಕೀಳುತ್ತ ಕೂತಿದ್ದ. ಅವಳು ಬೀದಿಗೆ ಇಳಿದು ಹೋದ ಮೇಲೆ, “ಚಿಕ್ಕುಡುಗಿ, ಬಿಡು ರಾಹೇಲಮ್ಮ” ಎಂದ, ಖಾಲಿ ಬಾಗಿಲಿಗೆ. ಆವತ್ತು ಗೆದ್ದೆ ಎಂದು ನಾನು ಬೀಗಿದೆ. ಅಪ್ಪನ ಮೇಲೆ ನನಗಿರುವ ಸಿಟ್ಟೆಲ್ಲ ಆ ಒಂದು ಕ್ಷಣದ್ದು. ಅವನಿಗೂ ಒಳಗೆಲ್ಲೋ ಹಾಯೆನಿಸಿತ್ತು. ಇಷ್ಟು ವರ್ಷ ಬಡಿಸಿ ಬಡಿಸಿ ದಣಿದಿದ್ದ ಮನುಷ್ಯ, ಬಿಡುಗಡೆಯನ್ನು ಮಗಳ ಬಾಯಿಂದ ಪಡೆದುಕೊಂಡ.

ರಾಹೇಲತ್ತೆ ಹೇಳಿದಂತೆಯೇ ಆಯಿತು. ಸೋಮವಾರದ ಹೊತ್ತಿಗೆ ನಲ್ಲಿಯ ಹತ್ತಿರ ಅದೇ ಮಾತು. ಅಪ್ಪನೂ ಇಬ್ಬರು ಹಿರಿಯರೂ ಲೀಲಾ ಮನೆಗೆ ಹೋದರು. ಇನ್ನೊಂದು ವಾರಕ್ಕೆ ಶಿರಾದಿಂದ ಆ ಗಂಡ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಹಿರಿಯರ ಮುಂದೆ ಕಣ್ಣೊರೆಸಿಕೊಂಡ. ಎಲ್ಲರೂ ಸೇರಿ ಪ್ರಾರ್ಥನೆ ಮಾಡಿ ವಿಮಲಕ್ಕನನ್ನು ಬಸ್ಸು ಹತ್ತಿಸಿದರು. ನಾನು ಬೇಡಿದ್ದು ಅಕ್ಷರಶಃ ನೆರವೇರಿತು! ಭಾನುವಾರ ಅಪ್ಪ ನನ್ನನ್ನು ಮುಂದೆ ಕರೆದು ಸಾಕ್ಷಿ ಹೇಳಿಸಿದ. ಮಗುವಿನ ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರ ಎಂದು ಸಭೆ ಚಪ್ಪಾಳೆ ತಟ್ಟಿತು. ಮೂರನೇ ಸಾಲಿನಲ್ಲಿ ಲೀಲಾ ಕೂತಿದ್ದಳು. ಅವಳು ತಟ್ಟಲಿಲ್ಲ. ಅಳಲೂ ಇಲ್ಲ. ನನ್ನ ಮುಖವನ್ನು ಸುಮ್ಮನೆ ನೋಡಿದಳು, ಗುರುತಿಲ್ಲದವರನ್ನು ನೋಡುವ ಹಾಗೆ. ಮರುದಿನ ಶಾಲೆಯಲ್ಲಿ ಬೇರೆ ಬೆಂಚಿಗೆ ಹೋದಳು. ನಾನು ಬುತ್ತಿ ಬಿಚ್ಚಿದೆ, ಒಬ್ಬಳಿಗೆ ಜಾಸ್ತಿಯಾಯಿತು.

ರಾಹೇಲತ್ತೆ ಆರಾಧನೆಗೆ ಬರುತ್ತಿದ್ದಳು, ಶನಿವಾರಕ್ಕೆ ಬರಲಿಲ್ಲ. ಅಮ್ಮ ಕೆಲವು ವಾರ ಅವಳ ತಟ್ಟೆಯನ್ನು ತೆಗೆದಿಟ್ಟು ಕಾದಳು, ಆಮೇಲೆ ಮೇಲಿನ ಹಲಗೆಗೆ ಏರಿಸಿದಳು. ಅಪ್ಪನಿಗೆ ಈಗ ಯಾರ ಕಾಟವೂ ಇಲ್ಲ. ಪ್ರಾರ್ಥನೆಗಳು ಉದ್ದವಾದವು. ಮುಗಿದ ಮೇಲೆ ಉಳಿಯುವವರು ಬೇರೆಯಾದರು. ಅವರಿಗೆ ಕಾಫಿ, ಅಪ್ಪನಿಗೆ ಹೊಗಳಿಕೆ. “ಏನ್ ಪ್ರಾರ್ಥನೆ ಅಯ್ಯನೋರೆ, ಕರುಳೇ ಕಿತ್ತು ಬಂತು” ಎನ್ನುತ್ತಿದ್ದ ಅದೇ ಜನ, ಬೇಡಿಕೆಗಳೇನಾದರೂ ಇವೆಯಾ ಎಂದು ಅಪ್ಪ ಕೇಳಿದರೆ, “ಎಲ್ಲಾ ಕ್ಷೇಮ” ಎನ್ನತೊಡಗಿದರು. ಯಾರಿಗೂ ಕಾಯಿಲೆಯಿಲ್ಲ, ಯಾರ ಮನೆಯಲ್ಲೂ ಜಗಳವಿಲ್ಲ. ಆ ವರ್ಷ ನಮ್ಮ ಸಭೆಯಷ್ಟು ಸುಖದ ಜನ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅಪ್ಪ ಅದನ್ನೂ ಆಶೀರ್ವಾದವೆಂದೇ ತಿಳಿದ. ಅಮ್ಮ ಒಂದು ದಿನ ಸಾರಿಗೆ ಉಪ್ಪು ಹಾಕುತ್ತ ಅಂದಳು:

“ಉಪ್ಪು ಹಾಕೋಳ್ನ ಓಡ್ಸಿ ಬೆಲ್ಲ ಹಾಕೋರ್ನ ಕೂರಿಸ್ಕಂಡ್ರೆ ಸಾರು ಹೆಂಗಿರ್ತೈತೆ, ನೀವೇ ಉಂಡು ನೋಡಿ.”

ಅಪ್ಪ ಕೇಳಿಸದವನಂತೆ ಉಂಡು ಎದ್ದ. ನಾನೂ ಅಷ್ಟೇ.

ಮುಂದಿನ ವರ್ಷ ವಿಮಲಕ್ಕ ಚೊಚ್ಚಲ ಹೆರಿಗೆಗೆ ಮಧುಗಿರಿಗೆ ಬಂದಳು. ಹೆರಿಗೆಯಾದ ಮಾರನೆಯ ದಿನ ಅಮ್ಮ ನನ್ನ ಕೈಗೆ ಬಿಸಿನೀರಿನ ಫ್ಲಾಸ್ಕು ಕೊಟ್ಟು ದೊಡ್ಡಾಸ್ಪತ್ರೆಗೆ ಅಟ್ಟಿದಳು. ಹೋಗಲ್ಲ ಎಂದೆ, ಕೇಳಲಿಲ್ಲ. ವರಾಂಡದ ಮೆಟ್ಟಿಲ ಮೇಲೆ ಲೀಲಾ ಕೂತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಒಳಗೆ ವಿಮಲಕ್ಕ ಫ್ಲಾಸ್ಕು ಇಸಕೊಳ್ಳಲು ಎಡಗೈ ಚಾಚಿದಳು. ಎರಡು ಬೆರಳು ಮಡಚುತ್ತಿರಲಿಲ್ಲ. ಮುರಿದು, ಯಾರೂ ಕಟ್ಟದೆ, ಹಾಗೆಯೇ ಸೊಟ್ಟಗೆ ಕೂಡಿಕೊಂಡಿದ್ದವು. ನಾನು ನೋಡಿದ್ದನ್ನು ನೋಡಿ ಕೈಯನ್ನು ಮಗುವಿನ ಬಟ್ಟೆಯೊಳಗೆ ಸೇರಿಸಿದಳು.

“ಚೆನ್ನಾಗಿದೀಯಾ ಕರುಣಾ? ಈಗ್ಲೂ ಪ್ರಾರ್ಥನೆ ಮಾಡ್ತೀಯಾ?”

ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದಳು. ಚುಚ್ಚಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹೊರಗೆ ಓಡಿ ಬಂದೆ. ಹಿಂಬದಿಯ ಕಲ್ಲಿನ ಮೇಲೆ ರಾಹೇಲತ್ತೆ ದುಪ್ಪಟಿ ಒಗೆಯುತ್ತಿದ್ದಳು. ಅವಳ ಎದುರಿಗೆ ನಿಂತು ಅಳುವನ್ನು ತಡೆದುಕೊಂಡು, ಶನಿವಾರ ಊಟಕ್ಕೆ ಬಾ ಅತ್ತೆ, ನಾನೇ ಬಡಿಸುತ್ತೇನೆ ಎಂದೆ. ಅವಳು ದುಪ್ಪಟಿ ಹಿಂಡುವುದನ್ನು ನಿಲ್ಲಿಸಲಿಲ್ಲ.

“ನಂಗೇನ್ ಮಾಡಿದೀಯ ನೀನು? ಉಂಡು ಅರ್ಧಕ್ಕೆ ಎದ್ದೋದೆ, ಅಷ್ಟೇಯ. ಬಡಿಸೋದಾದ್ರೆ ಮೆಟ್ಲ ಮೇಲೆ ಕೂತವ್ಳಲ್ಲ, ಅವ್ಳಿಗೆ ಬಡಿಸು.”

“ಅವ್ಳು ನಮ್ಮನೆಗೆ ಬರಲ್ಲ ಅತ್ತೆ.”

“ಮುದ್ದೆಗೆ ಕಾಲಿಲ್ಲ, ನಿಂಗೈತಲ್ಲ. ಎತ್ಕಂಬಾ.”

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಕೊನೆಯಲ್ಲಿ ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬಾರದು. ಬಾಣಂತನ ಮುಗಿದ ಮೇಲೆ ವಿಮಲಕ್ಕ ಮಗುವನ್ನು ಎತ್ತಿಕೊಂಡು ಮತ್ತೆ ಅದೇ ಶಿರಾ ಬಸ್ಸು ಹತ್ತಿದಳು. ನಾನು ಆ ಹೊತ್ತಿಗೆ ಅಪ್ಪನ ಕಾಲು ಹಿಡಿದರೂ, ಲೀಲಾಳ ಅಪ್ಪನ ಮುಂದೆ ನಿಂತು ತಪ್ಪಾಯಿತೆಂದರೂ ಆ ಬಸ್ಸು ನಿಲ್ಲಲಿಲ್ಲ. ಒಂದು ಶನಿವಾರಕ್ಕೆ ಬೇಕಿದ್ದ ಮಾತನ್ನು ವರ್ಷ ಬಿಟ್ಟು ಆಡಿದರೆ ಯಾರಿಗೆ ಬೇಕು? ಅಪ್ಪನೂ ಕಡೆಯ ತನಕ ಅದೇ ಗಂಟಲಿನಲ್ಲಿ ಪ್ರಾರ್ಥಿಸಿದ, ಎಲ್ಲರೂ ಹೊಗಳಿದರು. ರಾಹೇಲತ್ತೆ ತೀರಿಕೊಂಡಾಗ ಮಾತ್ರ ಅವನಿಗೆ ಬಾಯಿ ಬರಲಿಲ್ಲ, ಗುಂಡಿಯ ಪಕ್ಕ ಸುಮ್ಮನೆ ನಿಂತಿದ್ದ. ನಾನು ಕೇಳಿದ ಅಪ್ಪನ ಪ್ರಾರ್ಥನೆಗಳಲ್ಲಿ ಅದೇ ಒಳ್ಳೆಯದು.

ಆದರೆ ಆವತ್ತು ಮಧ್ಯಾಹ್ನ ನಾನು ಆಸ್ಪತ್ರೆಯಿಂದ ಮನೆಗೆ ಹೋಗಿ, ಹಲಗೆಯ ಮೇಲಿದ್ದ ರಾಹೇಲತ್ತೆಯ ತಟ್ಟೆಯನ್ನು ಇಳಿಸಿ ತೊಳೆದೆ. ಅಮ್ಮ ಏನನ್ನೂ ಕೇಳದೆ ಎರಡು ಮುದ್ದೆ ಕಟ್ಟಿ, ಕ್ಯಾರಿಯರಿನಲ್ಲಿ ಹುರುಳಿಸಾರು ಹಾಕಿಕೊಟ್ಟಳು. ಬಿಸಿಲಲ್ಲಿ ನಡೆದು ಆಸ್ಪತ್ರೆಯ ಮೆಟ್ಟಿಲಿಗೆ ಬಂದು, ಲೀಲಾಳ ಮುಂದೆ ತಟ್ಟೆ ಇಟ್ಟು, ಒಂದು ಮುದ್ದೆ ಹಾಕಿ, ಸಾರು ಬಿಟ್ಟು, ಒಂದು ಮೆಟ್ಟಿಲು ಕೆಳಗೆ ಕೂತೆ. ನಮ್ಮ ಮನೆಯ ನಿಯಮ ಅವಳಿಗೂ ಗೊತ್ತಿತ್ತು. ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ತಳ್ಳಿಬಿಡುತ್ತಾಳೆ ಅಂದುಕೊಂಡೆ. ಕೈ ತೊಳೆದು ಬಂದು ಉಣ್ಣಲು ಕೂತಳು. ಒಂದು ತುತ್ತು, ಎರಡು ತುತ್ತು. ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು ತಲೆ ತಗ್ಗಿಸಿಕೊಂಡು ಕಾದೆ. ಇಡೀ ಮುದ್ದೆ ಮುಗಿಯಿತು, ಒಂದು ಮಾತಿಲ್ಲ. ತಟ್ಟೆ ಖಾಲಿಯಾಗಿತ್ತು, ಇನ್ನು ನಾನು ಮಾತಾಡಬಹುದಿತ್ತು. ತಪ್ಪಾಯ್ತು ಎನ್ನಲು ಬಾಯಿ ತೆರೆದೆ. ಲೀಲಾ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

“ಬಾಯ್ಮುಚ್ಚು. ಇನ್ನೊಂದು ಹಾಕು. ನಾನಿನ್ನೂ ಶುರುನೇ ಮಾಡಿಲ್ಲ.”

ಹಾಕಿದೆ.